ರಾಜಕುಮಾರಿ ಮನೆ ಮುಟ್ಟುವ ತನಕ

“ಎಡಗೈಲೆ ಆಡಿ ರಾಜಕುಮಾರೀನ ಸೆರಿಯಿಂದ ಬಿಡಿಸಿ ತೋರಸ್ತೀನಿ ನೋಡ್ರಿ ಸಾಹೇಬ್ರ!” ಎಂದು ಗರ್ಜಿಸಿ ನಾನು ವಿಡಿಯೋ ಗೇಮಿನ ಜಾಯ್‌ಸ್ಟಿಕ್ ಹಿಡಿದೆ. ಟಿವಿಯ ತಳದಿಂದ ನನ್ನ ಕವಚಧಾರಿ ವೀರ ಹೊರಟ. ಅವನದು ಸದಾ ಮೇಲ್ಮುಖ ಪ್ರಯಾಣ. ದಾರಿ ಕೆಳಕ್ಕೆ ಸರಿಯುತ್ತದೆ, ಇವನು ಬಾಣ ಬಿಡುತ್ತ ಮೇಲೆ ಹೋಗುತ್ತಾನೆ. ಮೊದಲ ಬಾವಲಿ ಬಂದು ಮೂತಿಗೆ ತಾಗಿತು ನೋಡಿ, ನನ್ನ ವೀರ ತೀರಾ ಮೇಲಕ್ಕೇ ಹೋಗಿಬಿಟ್ಟ!

“ಒಂದು ಬಾವಲಿಗೆ ಸತ್ರೇನ್ರಿ ದಾಮೋದರರಾವ್?” ಎಂದು ಶಾಂತಲಿಂಗಪ್ಪ ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. “ನೀವು ಕಲ್ತ ಕಾನ್ವೆಂಟ್ ಸಾಲಿಯಾಗ ಇದನ್ನ ಕಲಿಸಲಿಲ್ಲೇನು? ಕೊಡ್ರಿ ಇಲ್ಲೆ!”

ಕೊಟ್ಟೆ. ಅಲ್ಲಿಗೆ ನನ್ನ ಭಾನುವಾರಗಳನ್ನೂ ಕೊಟ್ಟಂತಾಯಿತು.

ನಾನು ಮಂಗಳವೇಢೆಯ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಶ್ರೀಲೇಖಾ ಅಕ್ಕಲಕೋಟೆಯಲ್ಲಿ ಮಾಸ್ತರಿಣಿ. ವಾರವಿಡೀ ನಾನಲ್ಲಿ, ಅವಳಿಲ್ಲಿ. ನಡುವೆ ಸೊಲ್ಲಾಪುರದ ಎಸ್‌ಟಿ ಬಸ್ ಸ್ಟ್ಯಾಂಡು. ಭಾನುವಾರವಷ್ಟೇ ನಾವು ಗಂಡ ಹೆಂಡತಿ. ನನ್ನನ್ನು ಅಕ್ಕಲಕೋಟೆಗೆ ವರ್ಗ ಮಾಡುವ ಸಹಿ ಇದ್ದದ್ದು ಸಾಹೇಬರ ಕೈಯಲ್ಲಿ. ವರ್ಗವಾದರೆ ಸ್ವರ್ಗ! ಗುರುವಾರ ಅಕ್ಕಲಕೋಟೆ ಸ್ವಾಮಿಯ ದರ್ಶನಕ್ಕೆ ನೂಕುನುಗ್ಗಲೆಂದು ಭಾನುವಾರ ಬರುವ ಜಾಣಭಕ್ತರು ಅವರು. ಊಟಕ್ಕೆ ಕರೆದೆ. ಶ್ರೀಲೇಖಾಳ ತಮ್ಮ ಮುಂಬಯಿಯಿಂದ ತಂದುಕೊಟ್ಟ ಈ ಆಟ ಅವರ ಕಣ್ಣಿಗೆ ಬಿತ್ತು. ಕೇಳಿದ್ದು ಬದಲಿ, ಎದುರಾದದ್ದು ಬಾವಲಿ!

“ಒಂದು ಮಾತು ಹೇಳ್ತೀನಿ,” ಎಂದರು ಸಾಹೇಬರು, ಎಲೆಅಡಿಕೆ ಬಾಯಿಗಿಡುತ್ತ. “ಈ ರಾಜಕುಮಾರಿ ಮನಿ ಮುಟ್ಟಿದ ದಿನಾನ ನಿಮ್ಮ ಬದಲಿ ಅರ್ಜಿಗೆ ಸಹಿ. ಸ್ವಾಮೀ ಆಣಿ!”

ನಾನು ಹಿಗ್ಗಿದೆ. ಆದರೆ ಸಾಹೇಬರು ಆಡುವ ಪರಿಯೋ! ವೀರ ಎಡಕ್ಕೆ ಸರಿಯಲೆಂದು ತಾವೇ ಎಡಕ್ಕೆ ವಾಲುತ್ತಿದ್ದರು. ಪರದೆಯ ಮೇಲೆ ವೀರ ಬೀಳುವುದಕ್ಕೂ ಕುರ್ಚಿಯಿಂದ ಸಾಹೇಬರು ಬೀಳುವುದಕ್ಕೂ ತಾಳ ತಪ್ಪುತ್ತಿರಲಿಲ್ಲ. ಭಾನುವಾರಗಳು ಉರುಳಿದವು, ಶೇಂಗಾ ಹೋಳಿಗೆಗಳು ಕರಗಿದವು, ರಾಜಕುಮಾರಿ ಮಾತ್ರ ಸೆರೆಯಲ್ಲೇ ಉಳಿದಳು.

“ವಾರದಾಗ ಒಂದು ದಿನ ಮನಿಗೆ ಬರ್ತೀರಿ,” ಎಂದಳು ಶ್ರೀಲೇಖಾ, ಸಾಹೇಬರ ತಟ್ಟೆ ತಿಕ್ಕುತ್ತ. “ಅದನ್ನೂ ಅವರ ಉಡ್ಯಾಗ ಹಾಕಿದ್ರಿ. ಛಲೋ ಆತು.”

“ನಮ್ಮ ಸಲುವಾಗೇ ಅಲ್ಲೇನ ಇದೆಲ್ಲಾ? ಅವರಿಗೆ ಆಡಾಕ ಬರೂದಿಲ್ಲ, ನಾ ಏನ್ಮಾಡ್ಲಿ?”

“ನನಗ ಬರ್ತದ.”

“ನಿನಗ? ಯಾವಾಗ ಕಲ್ತಿ?”

“ದಿನಾ ಸಂಜೀಕೆ ಮನಿಯಾಗ ಒಬ್ಬಾಕೀನ ಇರ್ತೀನಿ. ಮಾತಾಡಾಕ ಯಾರೂ ಇಲ್ಲಂತ ರಾಕ್ಷಸರನ್ನ ಕೊಂದೀನಿ. ಆ ಕೊನೀ ಡ್ರ್ಯಾಗನ್ ತನಾ ಹೋಗೀನಿ. ಅದೊಂದು ಇನ್ನೂ ಸತ್ತಿಲ್ಲ.”

ನಗಬೇಕೋ ಅಳಬೇಕೋ ತಿಳಿಯದೆ ನಾನು ಮೂರನೆಯದನ್ನು ಮಾಡಿದೆ: ಉಪಾಯ! ಆಟದ ಡಬ್ಬಿಗೆ ಎರಡು ಜಾಯ್‌ಸ್ಟಿಕ್. ಒಬ್ಬರೇ ಆಡುವಾಗ ಒಂದಕ್ಕೆ ಮಾತ್ರ ಜೀವ. ಇನ್ನೊಂದು ನನ್ನ ಹಾಗೆ, ಹೆಸರಿಗೆ. ಮುಂದಿನ ಭಾನುವಾರ ಸತ್ತದ್ದನ್ನು ಸಾಹೇಬರಿಗೆ ಕೊಟ್ಟೆ. ಜೀವಂತವಾದದ್ದು ಶ್ರೀಲೇಖಾಳ ಕೈಯಲ್ಲಿ, ಕೈ ಸೊಲ್ಲಾಪುರ ಚಾದರದೊಳಗೆ.

“ನಿಮ್ಮ ಮನಿಯವರಿಗೆ ಏನಾಗೇದ್ರಿ? ಏಪ್ರಿಲ್ ಬಿಸಲಾಗ ಚಾದರ?”

“ಚಳಿಜ್ವರ್ರಿ ಸಾಹೇಬ್ರ. ನಡಗಾಕತ್ತಾಳ.”

ಚಾದರ ನಡುಗಿತು. ಬಾಣಗಳ ಸುರಿಮಳೆ! ಬಾವಲಿಗಳು ಉದುರಿದವು, ಅಸ್ಥಿಪಂಜರಗಳು ಪುಡಿಯಾದವು, ಒಕ್ಕಣ್ಣಿನ ರಾಕ್ಷಸ ಹೊಗೆಯಾದ. ಸಾಹೇಬರು ಮೂಗು ತುರಿಸಿಕೊಳ್ಳಲು ಕೈ ತೆಗೆದರೆ ಆಗಲೂ ಹೆಣಗಳು ಬಿದ್ದವು. ಗುಟ್ಟು ರಟ್ಟಾಯಿತೆಂದುಕೊಂಡೆ!

“ನೋಡ್ರಿ! ಕೈ ಬಿಟ್ರೂ ಹೊಡ್ಯಾಕತ್ತಾನ!” ಎಂದು ಸಾಹೇಬರು ಕೂಗಿದರು. “ತಯಾರಿ ಅಂದ್ರ ಇದು! ಆಫೀಸೂ ಹಿಂಗ ನಡಸ್ತೀನಿ ನಾನು.”

ಅದಂತೂ ಅಕ್ಷರಶಃ ನಿಜವೆಂದು ಇಡೀ ಆಫೀಸಿಗೆ ಗೊತ್ತು.

ಡ್ರ್ಯಾಗನ್ ಬಂತು. ಚಾದರ ಹೊದ್ದ ತಲೆಯಿಂದ ಬೆವರು ಹಣೆಗಿಳಿದು ಶ್ರೀಲೇಖಾಳ ಕುಂಕುಮ ಕರಗಿತು. ಕಣ್ಣು ಮಿಟುಕಿಸದೆ ಅವಳು ಹೊಡೆದ ರೀತಿ ನೋಡಿ, ಆ ಡ್ರ್ಯಾಗನ್ನಿನ ಜಾಗದಲ್ಲಿ ಅವಳು ಯಾರನ್ನು ಕಾಣುತ್ತಿದ್ದಾಳೆಂದು ಊಹಿಸಲು ನನಗೆ ಧೈರ್ಯವಾಗಲಿಲ್ಲ. ಧಡಾಂ! ಡ್ರ್ಯಾಗನ್ ಸತ್ತಿತು. ಕೋಟೆಯ ಬಾಗಿಲು ತೆರೆಯಿತು. ರಾಜಕುಮಾರಿ ಓಡಿಬಂದು ವೀರನ ಪಕ್ಕ ನಿಂತಳು.

“ಗೆದ್ದೆ!” ಸಾಹೇಬರು ಎದ್ದು ನಿಂತರು.

ನಾನು ಮಂಗಳವೇಢೆಯಲ್ಲೇ ಟೈಪ್ ಮಾಡಿಸಿ ತಂದಿದ್ದ ಅರ್ಜಿಯನ್ನು ಮುಂದೆ ಹಿಡಿದೆ. ಸಾಹೇಬರು ಪೆನ್ನು ತೆಗೆದರು; ಅದರ ಟೋಪಿ ಬಿಚ್ಚಿದರು. ಆದರೆ ಅವರು ಆಣೆ ಹಾಕಿದ ಮನುಷ್ಯ. “ತಡೀರಿ, ಆಕಿ ಮನಿ ಮುಟ್ಟಲಿ. ಸ್ವಾಮೀ ಮುಂದ ಮಾತು ಕೊಟ್ಟೀನಿ,” ಎಂದು ಟಿವಿಯತ್ತ ತಿರುಗಿದರು.

ಚಾದರದೊಳಗಿಂದ ದಣಿದ ದನಿ ಬಂತು. ಅದು ನನ್ನನ್ನು ಕೇಳಿದ್ದೋ, ಟಿವಿಯನ್ನೋ, ಇಂದಿಗೂ ತಿಳಿಯದು. “ಇನ್ನರ ಮುಗೀತೇನು?”

ಉತ್ತರ ಕೊಟ್ಟದ್ದು ಟಿವಿ. ಎಲ್ಲಿಂದಲೋ ಹೊಸ ರಾಕ್ಷಸನೊಬ್ಬ ಹಾರಿಬಂದು, ರಾಜಕುಮಾರಿಯನ್ನು ಎತ್ತಿಕೊಂಡು ಮೇಲಕ್ಕೆ ಮಾಯವಾದ. ವೀರ ಒಬ್ಬನೇ ಪರದೆಯ ತಳದಲ್ಲಿ ನಿಂತ. ಅವನ ತಲೆಯ ಮೇಲೆ, ಆಟದ ಶುರುವಿನಲ್ಲಿದ್ದಂತೆಯೇ, ದಪ್ಪಕ್ಷರಗಳು ಮತ್ತೆ ಮಿನುಗಿದವು: ‘ಸ್ಟೇಜ್ ವನ್’.