ಬೋಜನ ಬುಟ್ಟಿಗೆ ಮುದಿ ಎಲೆ

ನನಗೆ ಕೋಪ ಬೇಗ ಬರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮ ಮನೆಯವರು ಹೇಳುತ್ತಾರೆ. ಹಾಲು ಉಕ್ಕಿದ್ದಕ್ಕೆ, ಕೈ ತೋರಿಸಿದರೂ ಊಟಿ ಬಸ್ಸು ನಿಲ್ಲದೆ ಹೋದದ್ದಕ್ಕೆ ಬರುವ ಕೋಪ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಇಳಿದುಹೋಗುತ್ತದೆ. ಆದರೆ ಈಗ ಹೇಳಹೊರಟಿರುವುದು ಇನ್ನೂ ಇಳಿಯದ ಕೋಪ, ಅದೂ ಒಂದು ಕಂಪ್ಯೂಟರ್ ಆಟದ ಮೇಲೆ. ಶಾಲೆಯಲ್ಲಿ ಪಾಠ ಹೇಳುವ ಹೆಂಗಸು ಕಂಪ್ಯೂಟರ್ ಆಟದ ಮೇಲೆ ಕೋಪ ಮಾಡಿಕೊಳ್ಳುವುದೇ ಎಂದು ನೀವು ನಗಬಹುದು. ಆ ಆಟ ನನ್ನ ಮಾವನವರಿಗೆ ಏನು ಮಾಡಿತು ಎಂದು ಕೇಳಿ, ಆಮೇಲೆ ನಗುವಿರಂತೆ.

ಮಾವನವರು ಟೀ ಫ್ಯಾಕ್ಟರಿಯಲ್ಲಿ ಟೀಮೇಕರ್ ಆಗಿದ್ದವರು. ಎಲೆ ಬಾಡಿಸುವುದರಿಂದ ಹಿಡಿದು ಪುಡಿ ಚೀಲಕ್ಕೆ ಬೀಳುವವರೆಗೆ ಎಲ್ಲವೂ ಅವರ ಕಣ್ಣೆದುರೇ ನಡೆಯಬೇಕು. ಎರಡೆಲೆ ಒಂದು ಕುಡಿ, ಅದನ್ನೇ ನಾವು ಕೊಳುಂದು ಅನ್ನುವುದು. ಅದರ ನಡುವೆ ಗಡುಸಾದ ಮುದಿ ಎಲೆ ಕಂಡರೆ ತಂದವರು ಸ್ವಂತ ತಮ್ಮನಾದರೂ ಬಿಡುತ್ತಿರಲಿಲ್ಲ. ಅದೇ ಕಾರಣಕ್ಕೆ ತಮ್ಮ ಬಹಳ ಕಾಲ ಮಾತು ಬಿಟ್ಟಿದ್ದರು, ಇವರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ರಿಟೈರ್ ಆದ ಮೇಲೆ ದಿನಾ ಗುಡ್ಡ ಹತ್ತಿಳಿದು ಪಕ್ಕದ ಹಟ್ಟಿಗೆ ಹೋಗಿ ಹರಟೆ ಹೊಡೆದು ಬರುತ್ತಿದ್ದರು. ಒಂದು ಮಳೆಗಾಲ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಪಕ್ಕದ ಮನೆಗೆ ಹೋಗಬೇಕಾದರೂ ಏರು ಹತ್ತಬೇಕಾದ ನಮ್ಮ ಊರಿನಲ್ಲಿ, ಮಂಚದಿಂದ ಕುರ್ಚಿ, ಕುರ್ಚಿಯಿಂದ ಮಂಚ, ಅಷ್ಟೇ ಅವರಿಗೆ ಉಳಿದ ದಾರಿ.

ಆ ದಿನಗಳಲ್ಲೇ ನನ್ನ ಗಂಡ ಕೊಯಮತ್ತೂರಿನಿಂದ ಆ ಆಟದ ಮೊದಲನೆಯ ಭಾಗದ ಸಿ.ಡಿ. ತಂದದ್ದು. ಕಳೆದುಹೋದ ತಂದೆಯನ್ನು ಹುಡುಕುತ್ತ ಒಬ್ಬ ದೇಶ ದೇಶ ಅಲೆಯುತ್ತಾನೆ, ಅದೇ ಕಥೆ. ಅವನಿಗೆ ನಾಲಿಗೆ ಹೊರಳದ ಇಂಗ್ಲಿಷ್ ಹೆಸರೊಂದಿತ್ತು, ಮಾವ ಅದನ್ನು ಒಪ್ಪದೆ ಬೋಜ ಎಂದು ಕರೆದರು. ಬೋಜ ಬಹಳ ಮರ್ಯಾದಸ್ಥ. ಕೀಲಿ ಒತ್ತಿದಷ್ಟು ಹೊತ್ತು ನಿಧಾನವಾಗಿ ನಡೆಯುತ್ತಿದ್ದ, ಬಿಟ್ಟರೆ ನಿಲ್ಲುತ್ತಿದ್ದ. ನಡೆಸುವುದು ಮಾವನವರ ಕೆಲಸ, ಇಂಗ್ಲಿಷ್ ಓದಿ ಹೇಳುವುದು ನನ್ನದು. ಹೀಗೇ ಎರಡನೆಯ ಭಾಗ, ಮೂರನೆಯ ಭಾಗವೂ ಮುಗಿದವು. ಯಾರಾದರೂ ಬಂದು ಆರೋಗ್ಯ ವಿಚಾರಿಸಿದರೆ, “ನಿನ್ನೆ ಮರಳುಗಾಡು ದಾಟಿದೆ, ಕಾಲು ಏನೂ ನೋಯಲಿಲ್ಲ” ಎನ್ನುತ್ತಿದ್ದರು. ಮೂಳೆಯ ಜೊತೆ ತಲೆಗೂ ಪೆಟ್ಟಾಗಿದೆಯೇನೋ ಎಂದು ಬಂದವರು ನನ್ನ ಮುಖ ನೋಡುತ್ತಿದ್ದರು.

ನಾಲ್ಕನೆಯ ಭಾಗದ ಡಬ್ಬಿಯ ಮೇಲೆ ಹಿಮದ ಬೆಟ್ಟವಿತ್ತು, ತುದಿಯವರೆಗೆ ಸಣ್ಣ ಕಾಲುದಾರಿ. ಮಾವ ಆ ಚಿತ್ರವನ್ನು ಕನ್ನಡಕ ಒರೆಸಿಕೊಂಡು ನೋಡಿ, “ಇದೊಂದು ಹತ್ತಿಬಿಟ್ರೆ ಸಾಕಮ್ಮ” ಎಂದರು. ನಮ್ಮ ಮನೆಮಾತನ್ನು ಇದ್ದ ಹಾಗೇ ಬರೆದರೆ ಕೆಳನಾಡಿನವರಿಗೆ ತಿಳಿಯುವುದು ಕಷ್ಟ, ಅದಕ್ಕೇ ಅವರ ಮಾತನ್ನು ಸ್ವಲ್ಪ ತಿದ್ದಿದ್ದೇನೆ. ಅವರ ಆಸೆಯನ್ನಂತೂ ತಿದ್ದಿಲ್ಲ.

ಆಟ ಶುರುವಾಯಿತು, ನನ್ನ ಮೈ ಉರಿಯುವುದೂ ಶುರುವಾಯಿತು. ನಮ್ಮ ಬೋಜ ಈಗ ನಡೆಯುವುದೇ ಇಲ್ಲ, ಓಡುತ್ತಾನೆ. ತಲೆಗೂದಲು ಎಳೆ ಎಳೆಯಾಗಿ ಹಾರುತ್ತದಂತೆ, ಡಬ್ಬಿಯ ಮೇಲೆ ಅದನ್ನೇ ಹೆಮ್ಮೆಯಿಂದ ಬರೆದಿದ್ದರು. ಕೂದಲು ಕಟ್ಟಿಕೊಂಡು ನಮಗೇನಾಗಬೇಕು? ಬೆಟ್ಟದ ಬುಡದಲ್ಲಿ ಒಂದು ಟೀ ತೋಟ ಬಂದಾಗ ಮಾತ್ರ ಮಾವ ಕುರ್ಚಿಯ ತುದಿಗೆ ಬಂದು ಕುಳಿತರು. ಅಯ್ಯೋ, ಅದೊಂದು ತೋಟವೇ? ಗಿಡಗಳು ಆಳೆತ್ತರ, ಕೊಂಬೆ ಸವರಿ ತಗ್ಗಿಸುವ ಕವಾತು ಎಂಬ ಮಾತೇ ಯಾರಿಗೂ ಗೊತ್ತಿದ್ದಂತಿಲ್ಲ. ಎಲೆ ಕೀಳುವ ಹೆಂಗಸರು ಮದುವೆಗೆ ಹೊರಟವರಂತೆ ಜರಿ ಸೀರೆ ಉಟ್ಟಿದ್ದರು, ಒಬ್ಬಳ ಕಾಲಿಗೂ ಜಿಗಣೆ ಹತ್ತಿರಲಿಲ್ಲ. ಗಡಿಯಾರದ ಮುಳ್ಳು ಸುತ್ತಿ ಬರುವುದರೊಳಗೆ ಬೋಜ ಒಂದು ಬುಟ್ಟಿ ಎಲೆ ಕಿತ್ತು ಮೇಸ್ತ್ರಿಗೆ ಕೊಡಬೇಕು, ಆಗ ಬೆಟ್ಟದ ಗೇಟು ತೆರೆಯುತ್ತದೆ.

ಇಷ್ಟೇನಾ ಎಂದು ಮಾವ ನಕ್ಕರು. ಜೀವಮಾನವೆಲ್ಲ ಎಲೆಯಲ್ಲೇ ಕಳೆದವರಲ್ಲವೇ. ಗಿಡದ ನೆತ್ತಿಯ ಮೇಲೆ ಬಾಣದ ಗುರುತು ಇಟ್ಟು ಎರಡೆಲೆ ಒಂದು ಕುಡಿ, ಎರಡೆಲೆ ಒಂದು ಕುಡಿ ಎಂದು ಬಿಡಿಸತೊಡಗಿದರು. ಬುಟ್ಟಿಯ ತಳ ಮುಚ್ಚುವುದರೊಳಗೆ ಹೊತ್ತು ಮುಗಿಯಿತು. ಮೇಸ್ತ್ರಿ ಕಿರುಚಿ ಬೋಜನ ಕತ್ತು ಹಿಡಿದು ಆಚೆ ದಬ್ಬಿದ. ದಿನಗಟ್ಟಲೆ ಇದೇ ಪಾಡು. “ನಾಳೆ ಬಾ ಅಂತಿದಾನೆ ಮಾಮಾ” ಎಂದು ನಾನು ಅನುವಾದಿಸಿದೆ. “ಗೆಟ್ ಔಟ್ ಅಂದ್ರೆ ಏನಂತ ನಂಗೆ ಗೊತ್ತಮ್ಮ, ಬಿಳಿ ದೊರೆಗಳ ಕೈಕೆಳಗೆ ಕೆಲಸ ಮಾಡಿದೋನು ನಾನು” ಎಂದರು. ಅವರನ್ನು ಯಾರೂ ಯಾವ ಕೆಲಸದಿಂದಲೂ ಆಚೆ ದಬ್ಬಿದ್ದಿಲ್ಲ. ಅವರ ಮುಖ ನೋಡಲಾಗದೆ ನಾನು ಅಡುಗೆಮನೆಗೆ ಎದ್ದುಹೋದೆ.

ಕೊನೆಗೆ ಶಾಲೆ ಬಿಟ್ಟ ಮೇಲೆ ಊಟಿಯ ಬ್ರೌಸಿಂಗ್ ಸೆಂಟರಿಗೆ ಹೋಗಿ ಹುಡುಕಿದೆ. ಉತ್ತರ ಸಿಕ್ಕಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಪಕ್ಕದವರು ಮಾತಾಡಿಸಿದರೂ ಉತ್ತರ ಕೊಡದಷ್ಟು ಸಿಟ್ಟು ಬಂದಿತ್ತು.

“ಮಾಮಾ, ಕೆಳಗಿನ ಎಲೆನೂ ಕೀಳಬೇಕಂತೆ.”

“ಮುದಿ ಎಲೆನಾ?”

“ಎಲ್ಲಾನೂ. ಗಿಡ ಬೋಳಿಸಿದ್ರೆ ಬುಟ್ಟಿ ತುಂಬುತ್ತಂತೆ.”

ಮಾವ ಕೈಯಲ್ಲಿದ್ದ ಮೌಸನ್ನು ಮೇಜಿನ ಮೇಲೆ ಇಟ್ಟರು. “ಇದನ್ನ ಮಾಡಿದೋರು ಟೀ ಕುಡಿಯೋದಿಲ್ವಾ?”

“ಹೋಗ್ಲಿ ಬಿಡಿ ಮಾಮಾ, ಅದೇನು ನಿಜವಾದ ಎಲೆನಾ?”

“ಬೆಟ್ಟ ಮಾತ್ರ ನಿಜವಾದದ್ದಾ? ಅದಕ್ಕೆ ತಾನೆ ಕಾಯ್ತಾ ಕೂತಿರೋದು?”

ನಾನು ಎದ್ದು ಕಂಪ್ಯೂಟರ್ ಆರಿಸಿದೆ. ಆಮೇಲೆ ಅವರು ಕಂಪ್ಯೂಟರ್ ಹಾಕು ಎನ್ನಲೇ ಇಲ್ಲ. ಕಿಟಕಿಯಾಚೆ ಮಂಜು ನೋಡುತ್ತ ಕೂರುವರು, ಕರೆದರೆ ಊಟಕ್ಕೆ ಬರುವರು, ಅರ್ಧಕ್ಕೇ ತಟ್ಟೆ ಸರಿಸುವರು. ಬಂದವರು ಎಲ್ಲಿವರೆಗೆ ಹೋದಿರಿ ಎಂದು ಕೇಳಿದರೆ, “ಗೇಟಿನ ಹತ್ರ ಇದೀನಿ” ಎನ್ನುವರು. ಎಲ್ಲೋ ತಂಪು ಕೋಣೆಯಲ್ಲಿ ಕುಳಿತು ಈ ಆಟ ಕಟ್ಟಿದ ಪುಣ್ಯಾತ್ಮರನ್ನು ನಾನು ಪಾತ್ರೆ ತಿಕ್ಕುತ್ತ ಬಾಯಿಗೆ ಬಂದಂತೆ ಬೈದೆ. ಕೂದಲು ಹಾರಿಸುವುದಕ್ಕೆ ಇಷ್ಟೊಂದು ತಲೆ ಓಡಿಸಿದವರು ಒಂದು ಸಲ ತೋಟಕ್ಕಿಳಿದು ಒಂದು ಗಿಡವನ್ನಾದರೂ ನೋಡಬಾರದಿತ್ತೇ?

ಒಂದು ಸಂಜೆ ಮಾವನೇ ಕರೆದರು. “ನೀನೇ ಕಿತ್ತುಬಿಡಮ್ಮ. ನಾನು ಆ ಕಡೆ ತಿರುಗಿ ಕೂರ್ತೀನಿ.” ಅವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ. ಹಲ್ಲು ಕಚ್ಚಿಕೊಂಡು ಗಿಡಗಳನ್ನು ಬುಡದವರೆಗೆ ಬೋಳಿಸಿದೆ. ಬುಟ್ಟಿ ತುಂಬಿತು. ಆ ಮೇಸ್ತ್ರಿ ಎಲೆಯನ್ನು ಮೂಸಿ “ಫಸ್ಟ್ ಕ್ಲಾಸ್” ಎಂದ. ಗೋಡೆಯ ಕಡೆಯಿಂದ ಮಾವನವರು ಕ್ಯಾಕರಿಸಿದ್ದು ಕೇಳಿಸಿತು. ಗೇಟು ತೆರೆದ ಸದ್ದಾದದ್ದೇ ತಡ, “ತಿರುಗಿಸು, ತಿರುಗಿಸು” ಎಂದು ಕುರ್ಚಿಯನ್ನು ತಿರುಗಿಸಿಕೊಂಡು ನನ್ನ ಕೈಯಿಂದ ಮೌಸ್ ಕಿತ್ತುಕೊಂಡರು. ಹಿಮ ಬಂದ ಮೇಲೆ ಬೋಜನಿಗೂ ಓಡಲಾಗಲಿಲ್ಲ, ಹೆಜ್ಜೆ ಕಿತ್ತು ಕಿತ್ತು ಇಡಬೇಕಾಯಿತು. ನಾನು ಶಾಲೆಯಿಂದ ಬರುವುದನ್ನೇ ಕಾದಿದ್ದು ದಿನಾ ಸ್ವಲ್ಪ ಸ್ವಲ್ಪ ಹತ್ತಿದರು. ತುದಿ ಮುಟ್ಟಿದ ದಿನ ಬೋಜನನ್ನು ಒಂದು ಸುತ್ತು ತಿರುಗಿಸಿ ನೋಡಿ, “ಇಲ್ಲಿಂದ ನಮ್ಮ ದೊಡ್ಡಬೆಟ್ಟ ಕಾಣ್ಸಲ್ಲ” ಎಂದರು. ಕಣ್ಣು ಒದ್ದೆಯಾಗಿತ್ತು. ನನ್ನದೂ.

ಇಲ್ಲಿಗೇ ಮುಗಿದಿದ್ದರೆ ಕೋಪ ಇಳಿಯುತ್ತಿತ್ತು. ಆದರೆ ಮಾವ ಬಂದವರಿಗೆಲ್ಲ ಎರಡು ವಿಷಯ ಹೇಳತೊಡಗಿದರು. ಬೆಟ್ಟ ಹತ್ತಿದ್ದು ತಾವು. ಮುದಿ ಎಲೆ ಕಿತ್ತಿದ್ದು ಸೊಸೆ. ಕೇಳಿಸಿಕೊಂಡವರಲ್ಲಿ ನಮ್ಮ ಹಟ್ಟಿಯ ಎಲೆ ತೂಕ ಹಾಕಿ ಫ್ಯಾಕ್ಟರಿಗೆ ಕಳಿಸುವ ಏಜೆಂಟರೂ ಒಬ್ಬರು. ಆ ಶನಿವಾರ ನಾನು ಮನೆ ಹಿಂದಿನ ನಮ್ಮ ಸಣ್ಣ ತೋಟದ ಎಲೆ ಹೊತ್ತು ತೂಕದ ಶೆಡ್ಡಿಗೆ ಹೋದರೆ, ಇಷ್ಟು ವರ್ಷ ನನ್ನ ಚೀಲ ಮುಟ್ಟಿ ನೋಡದ ಆ ಮನುಷ್ಯ ಮೊಳಕೈವರೆಗೆ ಕೈ ಹಾಕಿ ತಳ ತಡಕಿದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ನೋಡುತ್ತಿದ್ದರು. ಟೀಮೇಕರ್ ಮನೆಯ ಸೊಸೆಯ ಚೀಲಕ್ಕೆ ಕೈ ಹಾಕುತ್ತೀರಾ ಎಂದು ಕೇಳಲು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಷ್ಟರಲ್ಲಿ ಅವರ ಕೈ ಹೊರಗೆ ಬಂತು, ಹಿಡಿ ತುಂಬ ಗಡುಸು ಎಲೆ.

“ಏನಕ್ಕಾ, ಇದು ಯಾವ ತೋಟದ್ದು?” ಎಂದು ಕೇಳಿದರು.

ಬೆಳಿಗ್ಗೆ ನಾನು ಎಲೆ ಕೀಳುತ್ತಿದ್ದಾಗ ಮಾವ ಕಿಟಕಿಯಿಂದ ಕೂಗುತ್ತಲೇ ಇದ್ದರು, ಬೋಜ ಇನ್ನು ಬೆಟ್ಟದ ಆಚೆ ಮಗ್ಗುಲಿಗೆ ಇಳಿಯಬೇಕು, ಬೇಗ ಬಂದು ಇಂಗ್ಲಿಷ್ ಓದು ಎಂದು. ಬೇಗ ಹೋಗುವ ಆತುರ ನನಗೂ ಇತ್ತು, ಕೈ ಕೆಳಗಿನ ಎಲೆಗೂ ಹೋಗಿತ್ತು. ಇದನ್ನೆಲ್ಲ ಏಜೆಂಟರಿಗೆ ಹೇಗೆ ಹೇಳುವುದು? ಸಿಕ್ಕಿಸಿದ್ದ ಸೆರಗನ್ನು ಕೆಳಗೆ ಬಿಟ್ಟು, “ನಮ್ಮದೇ ಅಣ್ಣ” ಎಂದೆ.