ಒಸಡಿನ ವಂಶಾವಳಿ

ನನ್ನ ದೇಹದಲ್ಲಿ ಕೆಟ್ಟಿರುವುದೆಲ್ಲ ಪಿತ್ರಾರ್ಜಿತ, ಚೆನ್ನಾಗಿರುವುದೆಲ್ಲ ಸ್ವಯಾರ್ಜಿತ ಎಂದು ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದೇನೆ. ಬೋಳು ತಲೆ ಅಪ್ಪನದು, ಶುಗರು ದೊಡ್ಡಪ್ಪನದು, ಕೋಪ ಅಜ್ಜಿಯದು. ಸಾಲದ್ದಕ್ಕೆ ಗುಬ್ಬಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಬಟಾಣಿ ಗಿಡದ ಅನುವಂಶೀಯತೆಯನ್ನು ಪ್ರತಿವರ್ಷ ಪಾಠ ಮಾಡುವವನು ಹೇಳಿದ ಮೇಲೆ ಮನೆಯಲ್ಲಿ ಯಾರು ತಾನೇ ಇಲ್ಲ ಅಂತಾರೆ.

ಹೀಗಾಗಿ ಹಲ್ಲುಜ್ಜುವಾಗ ರಕ್ತ ಬರುತ್ತಿದ್ದರೂ ಏಳೆಂಟು ವರ್ಷ ತಲೆ ಕೆಡಿಸಿಕೊಳ್ಳಲಿಲ್ಲ. ಕೆಳಗಿನ ಮುಂದಿನ ಹಲ್ಲೊಂದು ಅಲ್ಲಾಡತೊಡಗಿದಾಗ, ತುಮಕೂರಿನಲ್ಲಿ ನಮ್ಮ ಮನೆ ಹತ್ತಿರದ ಡೆಂಟಿಸ್ಟ್ ಬಳಿಗೆ ಹೆಂಡತಿ ಗಿರಿಜಾ ಎಳೆದುಕೊಂಡು ಹೋದಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಬಾಯಿ ನೋಡಿ, "ಫ್ಯಾಮಿಲೀಲಿ ಬೇರೆ ಯಾರಿಗಾದ್ರೂ ಒಸಡಿನ ಕಾಯಿಲೆ ಇದ್ಯಾ ಸಾರ್?" ಎಂದರು.

"ನಮ್ಮ ಕಡೆ ಯಾರಿಗೂ ಇಲ್ಲ. ಹೆಂಡತಿ ಕಡೆಯವರದು ಒಸಡು ಭಾರಿ ವೀಕು."

"ಹೆಂಡ್ತಿ ಕಡೆಯಿಂದ ನಿಮಗೆ ಹೆಂಗೆ ಬರುತ್ತೆ ಸಾರ್?"

ಹತ್ತನೇ ಕ್ಲಾಸಿನ ಹುಡುಗನೂ ಕೇಳಬಹುದಾದ ಪ್ರಶ್ನೆ. ನನಗಿಂತ ಮೊದಲೇ ಗಿರಿಜಾ ಬಾಯಿ ಹಾಕಿದಳು. "ಬರುತ್ತೆ ಮೇಡಂ. ನಾನು ಇವರ ಸೋದರಮಾವನ ಮಗಳು. ರೀ, ನಮ್ಮ ಅಮೃತೂರಿನ ತಾತ ನಿಮ್ಮಮ್ಮನಿಗೆ ಏನಾಗ್ಬೇಕು ಅಂತ ಹೇಳಿ ಸ್ವಲ್ಪ."

ಅಪ್ಪನಾಗಬೇಕು. ಇಪ್ಪತ್ತೆರಡು ವರ್ಷದಿಂದ 'ನಿಮ್ಮ ಮನೆಯವರು' ಎಂದು ನಾನು ಬೈಯುತ್ತಿದ್ದುದು ನನ್ನ ಅಮ್ಮನ ತವರನ್ನೇ. ಆ ತಾತನಿಗೆ ನಲವತ್ತೈದಕ್ಕೇ ಹಲ್ಲೆಲ್ಲ ಹೋಗಿದ್ದವು. ಸೆಟ್ಟು ಕಟ್ಟಿಸೋಣ ಎಂದು ಅಮ್ಮ ಗೋಗರೆದರೆ, "ಮುದ್ದೆ ನುಂಗಕ್ಕೆ ಹಲ್ಯಾಕವ್ವ, ಬುಡು" ಎನ್ನುತ್ತಿದ್ದ.

"ವಂಶದಲ್ಲಿದ್ರೆ ರಿಸ್ಕ್ ಜಾಸ್ತಿ, ನಿಜ" ಎಂದರು ಡಾಕ್ಟರಮ್ಮ. ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವರು ಗಿರಿಜಾಳ ಬಾಯಿಯನ್ನೂ ತೆಗೆಸಿ ನೋಡಿ, "ಇವರೂ ಅದೇ ತಾತನ ಮೊಮ್ಮಗಳು. ಒಸಡು ಗಟ್ಟಿಯಾಗಿದೆಯಲ್ಲ. ರಿಸ್ಕ್ ಇರೋರು ಬೇರೆಯವರಿಗಿಂತ ಚೆನ್ನಾಗಿ ಉಜ್ಜಬೇಕು ಸಾರ್. ನೀವು ಎರಡು ಹೊತ್ತು ಉಜ್ತೀರಾ? ಅಡಿಕೆ ಹಾಕ್ತೀರಾ?" ಎಂದರು. ನಾನು ತಾತನ ವಿಷಯವನ್ನೇ ಮುಂದುವರಿಸಲು ನೋಡಿದೆ. "ಮಕ್ಕಳಿದ್ರೆ ಕರ್ಕೊಂಡು ಬನ್ನಿ. ಅವರಿಗೆ ಎರಡೂ ಕಡೆಯಿಂದ ಬಂದಿರಬಹುದು" ಎಂದರು ಡಾಕ್ಟರಮ್ಮ.

ಆಗ ನನಗೆ ನೆನಪಾಯಿತು. ಹದಿನೆಂಟರ ನಮ್ಮ ಚಂದನಾ, ಬ್ರಷ್ ಮಾಡಿದರೆ ರಕ್ತ ಬರುತ್ತದೆಂದು ಹೋದ ವರ್ಷವೇ ಹೇಳಿದ್ದಳು. "ನಿಮ್ಮಮ್ಮನ ವಂಶದಲ್ಲಿ ಅದು ಮಾಮೂಲಿ ಕಣೇ" ಎಂದು ಅವಳ ಬಾಯಿ ಮುಚ್ಚಿಸಿದವನು ನಾನೇ. ಮಗಳ ಹಲ್ಲು ಹೋದರೆ ಯಾವ ತಾತನನ್ನು ಹಿಡಿದು ಕೇಳಲಿ?

ಶನಿವಾರ ಅವಳನ್ನು ಕರೆದೊಯ್ದೆ. ಒಸಡು ಊದಿದೆ, ಮೂಳೆ ಸವೆದಿಲ್ಲ, ಕ್ಲೀನ್ ಮಾಡಿಸಿ ಜೋಪಾನವಾಗಿದ್ದರೆ ಹಲ್ಲು ಉಳಿಯುತ್ತದೆ ಎಂದರು. ಹೋದ ಜೀವ ಬಂತು. ಆಮೇಲೆ ಡಾಕ್ಟರಮ್ಮ ಚೀಟಿ ತೆಗೆದುಕೊಂಡು, ಫ್ಯಾಮಿಲೀಲಿ ಯಾರಿಗಾದರೂ ಇದೆಯಾ ಎಂದು ಅವಳನ್ನೂ ಕೇಳಿದರು.

"ನಮ್ಮಪ್ಪನಿಗಿದೆ ಮೇಡಂ. ಅವರಿಂದಲೇ ಬಂದಿರೋದು" ಎಂದಳು ಚಂದನಾ, ನನ್ನ ಕಡೆ ತಿರುಗಿಯೂ ನೋಡದೆ. ಡಾಕ್ಟರಮ್ಮ ಬರೆದುಕೊಂಡರು. ಪೂರ್ವಜರೆಂದರೆ ಫೋಟೋದಲ್ಲಿ ಹಾರ ಹಾಕಿಸಿಕೊಂಡವರು ಎಂದು ತಿಳಿದಿದ್ದೆ. ಐವತ್ತೊಂದನೇ ವಯಸ್ಸಿನಲ್ಲಿ, ಪ್ಯಾಂಟು ಶರಟು ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಂತೆಯೇ, ನಾನೂ ಒಬ್ಬ ಪೂರ್ವಜನಾದೆ.