ಎ ಎ ಎ ಎಂಬ ಮಹಾನುಭಾವ

ಕುಂದಾಪುರದ ಬಸ್ ಸ್ಟ್ಯಾಂಡ್ ಹಿಂದಿನ ದುಗ್ಗಪ್ಪನ ವಿಡಿಯೋ ಗೇಮ್ ಅಂಗಡಿಯಲ್ಲಿ ಗುಡ್ಡನ ತಲೆ ಕೆಡಿಸಿದ್ದು ಮೂರೇ ಮೂರು ಇಂಗ್ಲಿಷ್ ಅಕ್ಷರ. ವಿಮಾನ ಹೊಡೆಯುವ ಆಟದ ಸ್ಕೋರ್ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಕೂತಿದ್ದ ಹೆಸರು: ಎ ಎ ಎ. ತೊಂಬತ್ತೇಳರಲ್ಲಿ ಅಂಗಡಿ ಶುರುವಾದಾಗಿನಿಂದ ಅದನ್ನು ಇಳಿಸಿದ ಗಂಡಸಿಲ್ಲ, ಆ ಮಹಾನುಭಾವನನ್ನು ಕಂಡವರೂ ಇಲ್ಲ. ಪಕ್ಕದ ಕ್ಷೌರದಂಗಡಿಯ ಪದ್ದು ಮಾತ್ರ ಕೈ ಮುಗಿದು ಹೇಳುತ್ತಿದ್ದ: "ಅಮಾಸೆಬೈಲಿನ ಆನಂದ ಆಚಾರ್ರ್ ಅಂಬ್ರ್. ಆಡ್ವಾಗ ಅವ್ರ ಕೈಯೇ ಕಾಂತಿರ್ಲಿಲ್ಯಂಬ್ರ್, ಅಷ್ಟ್ ಸ್ಪೀಡ್!"

ಗುಡ್ಡ ಮರುದಿನವೇ ಮಾವನ ಹೋಟೆಲಿನ ಕೆಲಸಕ್ಕೆಂದು ಬೊಂಬಾಯಿ ಬಸ್ಸು ಹತ್ತುವವನು. ಹೋಗುವ ಮೊದಲು ಅಲ್ಲಿ ತನ್ನ ಹೆಸರು ಕೂರಿಸದಿದ್ದರೆ ಹುಟ್ಟಿದ್ದೇ ದಂಡ ಎಂದು ಬೆಳಿಗ್ಗೆಯೇ ಬಂದು ನಿಂತ. ಪಾಪ, ಅಂದು ಆಯುಧ ಪೂಜೆ.

"ಹ್ವಾಯ್, ಪೂಜಿ ಆಯ್ಕ್. ಆಮೇಲೆ ನಾಳೆವರೆಗೆ ಮಿಷನ್ ಮುಟ್ಟುಕಾಗ" ಎಂದ ದುಗ್ಗಪ್ಪ.

"ದುಗ್ಗಪ್ಪಣ್ಣ, ಇದೊಂದ್ ಆಟ! ನಿಮ್ಮ್ ಕಾಲ್ ಹಿಡಿತೆ!"

ಆಟ ಏರಿತು. ವಿಮಾನಗಳು ಸೊಳ್ಳೆಗಳಂತೆ ಉದುರಿದವು. ಪದ್ದು ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಬಿಟ್ಟು ಓಡಿ ಬಂದ. ಹಿಂದೆಯೇ ಸೋಪಿನ ನೊರೆಯ ಸಮೇತ ಗಿರಾಕಿಯೂ ಬಂದ. ಕಾದು ಸಾಕಾಗಿ ದುಗ್ಗಪ್ಪ ಪೂಜೆ ಶುರು ಮಾಡಿಯೇ ಬಿಟ್ಟ. ಚೆಂಡು ಹೂವಿನ ಮಾಲೆ ಹಾಕಿದ, ಪರದೆ ಅರ್ಧ ಮುಚ್ಚಿತು. ಊದುಬತ್ತಿಯ ಹೊಗೆಯೆಲ್ಲ ಗುಡ್ಡನ ಕಣ್ಣಿಗೇ ನುಗ್ಗಿತು. ಅವನು ಕಣ್ಣೀರು ಸುರಿಸುತ್ತಲೇ ಗುಂಡು ಹಾರಿಸಿದ.

"ಅಬ್ಬಬ್ಬ! ಕಣ್ ಕಾಣ್ದೇ ಆಡ್ತಿದ್ದ ಕಾಣಿ!" ಎಂದು ಪದ್ದು ಕೂಗಿದ.

ಆಟ ಮುಗಿಯಿತು. ಹಳೆಯ ಎ ಎ ಎ ಕೆಳಗಿಳಿದಿತ್ತು! ಗುಡ್ಡನಿಗೆ ಈಗ ನಿಜವಾದ ಅಳು ಬಂತು, ಖುಷಿಯ ಅಳು. ಹೆಸರು ಒತ್ತು ಎಂದು ಮಿಷನ್ ಹತ್ತರಿಂದ ಹಿಂದಕ್ಕೆ ಎಣಿಸತೊಡಗಿತು.

ಅಷ್ಟರಲ್ಲಿ ಅವನ ಮೂಗಿನಡಿಗೆ ಮಂಗಳಾರತಿ ತಟ್ಟೆ ಬಂತು.

"ಆರ್ತಿ ತಕೋ" ಎಂದ ದುಗ್ಗಪ್ಪ.

"ಒಂದ್ ಚೂರ್ ನಿಲ್ಲಿ..."

"ದೇವ್ರಿಗೆ ನಿಲ್ಲಿ ಅಂಬುದಾ? ನಾಳೆ ಅಷ್ಟ್ ದೂರ ಹೋಪಂವ ನೀನ್!"

ಗುಡ್ಡ ಎರಡೂ ಕೈ ಎತ್ತಿ ಆರತಿ ಕಣ್ಣಿಗೊತ್ತಿಕೊಂಡ. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು. ತೆರೆದು ನೋಡಿದರೆ, ಎಲ್ಲಕ್ಕಿಂತ ಮೇಲೆ, ಗುಡ್ಡನ ಹೊಸ ಸ್ಕೋರಿನ ಪಕ್ಕದಲ್ಲಿ ಮಿನುಗುತ್ತಿತ್ತು: ಎ ಎ ಎ.

ಯಾರೂ ಹೆಸರು ಒತ್ತದಿದ್ದರೆ ಮಿಷನ್ ತಾನೇ ಬರೆದುಕೊಳ್ಳುವ ಹೆಸರದು ಎಂದು ಗುಡ್ಡನಿಗೆ ಆಗ ಹೊಳೆಯಿತು. ಹೇಳಿದರೆ ಕೇಳುವವರಾರು? ಪದ್ದು ಆಗಲೇ ಮಿಷನ್ನಿಗೆ ಅಡ್ಡ ಬಿದ್ದಿದ್ದ.

"ಆಚಾರ್ರ್ ಬಂದ್ರ್! ಪೂಜಿ ದಿನವೇ ಬಂದ್ರ್!"

"ಪದ್ದಣ್ಣ, ಆಡಿದ್ದ್ ನಾನ್!" ಗುಡ್ಡ ಕಿರುಚಿದ.

ದುಗ್ಗಪ್ಪ ಅವನ ಬಾಯಿಗೆ ಪ್ರಸಾದ ತುರುಕಿ ಭುಜ ತಟ್ಟಿದ. "ಹೌದ್ ಮಾರಾಯ, ಆಡಿದ್ದ್ ನೀನೇ. ಆಡ್ಸಿದ್ದ್ ಯಾರ್?"